ಯಾವ ಗಾಡಿ ಮೇಲು? ವಾಹನಪ್ರಿಯರ ವಾದಗಳಿಗೊಂದು ವಿಮರ್ಶೆ

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆ ಎಂಬ ಹೋಬಳಿ ಕೇಂದ್ರವಿದೆ. ಸುತ್ತಲಿನವರ ಬಾಯಲ್ಲಿ ಅದು ಕೆ. ಹೊಸಕೋಟೆ. ಸಕಲೇಶಪುರದ ಗುಡ್ಡಗಳಿಗೆ ಸೇರಿಕೊಂಡಂತಿರುವ ಈ ಸೀಮೆಯಲ್ಲಿ ಕಾಫಿ ತೋಟಗಳು, ನಡುನಡುವೆ ಗದ್ದೆಗಳು, ತೋಟದಿಂದ ತೋಟಕ್ಕೆ ಹೋಗುವ ಮಣ್ಣಿನ ದಾರಿಗಳು. ಮಳೆಗಾಲದ ಒಂದು ಸಂಜೆ ಇಲ್ಲಿನ ಯಾವುದಾದರೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತು ನೋಡಿ. ಮಳೆ, ಮೆಣಸಿನ ಬೆಲೆ, ಕಾಡಾನೆ ಈ ಮೂರು ವಿಷಯಗಳು ಮುಗಿದ ಮೇಲೆ ಮಾತು ಗಾಡಿಗಳ ಕಡೆಗೆ ಹೊರಳುತ್ತದೆ.

"ಹಳೇ ಜೀಪಿನ ಮುಂದೆ ಯಾವುದೂ ನಿಲ್ಲಲ್ಲ ಬಿಡಿ ಗೌಡ್ರೇ" ಎನ್ನುತ್ತಾರೆ ಒಬ್ಬರು. "ನಿಮ್ಮ ಜೀಪಿಗೆ ಅರವತ್ತು ಎಚ್‌ಪಿ, ಹೊಸ ಥಾರ್‌ಗೆ ನೂರಾಮೂವತ್ತು, ಎಲ್ಲಿಂದೆಲ್ಲಿಗೆ ಹೋಲಿಕೆ ಅಣ್ಣಾ?" ಎಂದು ಹುಡುಗನೊಬ್ಬ ಕೇಳುತ್ತಾನೆ. "ಜಿಪ್ಸಿ ಹಗುರ ಕಣ್ರೀ, ಅದು ಹೂತುಕೊಳ್ಳಲ್ಲ" ಎಂಬುದು ಮೂರನೆಯ ಪಕ್ಷ. "ಭಾರ ಇದ್ರೇನೇ ಗಾಡಿ ರೋಡು ಕಚ್ಕೊಂಡು ಹೋಗೋದು" ಎಂಬುದು ನಾಲ್ಕನೆಯದು. ವಾದ ಮುಗಿಯುವುದಿಲ್ಲ, ಮಳೆ ಬಿಟ್ಟಾಗ ಎಲ್ಲರೂ ತಮ್ಮ ತಮ್ಮ ಗಾಡಿ ಹತ್ತಿ, ತಮ್ಮ ತಮ್ಮ ಅಭಿಪ್ರಾಯದೊಂದಿಗೇ ಮನೆಗೆ ಹೋಗುತ್ತಾರೆ.

ಪತ್ರಿಕೆಗಳ ವಾಹನ ಪುಟಗಳಲ್ಲಿ, ದೂರದರ್ಶನದ ವಾಹನ ಕಾರ್ಯಕ್ರಮಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ವಾದ. ಅಲ್ಲಿ ಅಂಕಿಗಳು ಹೆಚ್ಚು, ಚಿತ್ರಗಳು ಚೆಂದ, ಅಷ್ಟೆ. ವಿಜ್ಞಾನ ಪತ್ರಿಕೆಯೊಂದು ಇದನ್ನು ಏಕೆ ವಿಮರ್ಶಿಸಬೇಕು ಎಂದು ನೀವು ಕೇಳಬಹುದು. ಬಲ, ಸಾಮರ್ಥ್ಯ, ಘರ್ಷಣೆ, ಗುರುತ್ವ ಕೇಂದ್ರ ಇವೆಲ್ಲ ನಾವು ತರಗತಿಯಲ್ಲಿ ಕಲಿಸುವ, ಕಲಿಯುವ ಪಾಠಗಳು. ಇಳಿಜಾರಿನ ಲೆಕ್ಕವನ್ನು ಪರೀಕ್ಷೆಯಲ್ಲಿ ಸರಿಯಾಗಿ ಬಿಡಿಸುವ ವಿದ್ಯಾರ್ಥಿ ಇಂಥ ವಾದದ ನಡುವೆ ಬಾಯಿ ಬಿಡದೆ ಕುಳಿತಿರುತ್ತಾನೆ. ಎರಡಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿಲ್ಲ. ಮೇಲಾಗಿ, ಈ ವಾದದ ತೀರ್ಮಾನವನ್ನು ನಂಬಿ ಜನ ಸಾಲ ಮಾಡಿ ಗಾಡಿ ಕೊಳ್ಳುತ್ತಾರೆ, ಅದರಲ್ಲಿ ಕೆಲಸದವರನ್ನು ತುಂಬಿಕೊಂಡು ಘಟ್ಟದ ತಿರುವುಗಳಲ್ಲಿ ಓಡಿಸುತ್ತಾರೆ. ಇಲ್ಲಿ ತಪ್ಪಿದ ಲೆಕ್ಕಕ್ಕೆ ಬೆಲೆ ತೆರುವುದು ಅಂಕಪಟ್ಟಿಯಲ್ಲಲ್ಲ.

ನಮ್ಮ ಮುಖ್ಯ ಆಕ್ಷೇಪವನ್ನು ಮೊದಲೇ ಹೇಳಿಬಿಡೋಣ. ಎಳೆತ, ಹಿಡಿತ, ಸ್ಥಿರತೆ ಇವುಗಳನ್ನು ವಾಹನಪ್ರಿಯರು ಗಾಡಿಯ ಗುಣಗಳೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಗಾಡಿ, ಟೈರು, ರಸ್ತೆ ಮತ್ತು ಹೊರೆ ಈ ನಾಲ್ಕೂ ಸೇರಿದಾಗ ಮಾತ್ರ ಅರ್ಥ ಪಡೆಯುವ ಗುಣಗಳು. ಮೂರನ್ನು ಬಿಟ್ಟು ಒಂದನ್ನೇ ಹೋಲಿಸುವುದರಿಂದ ವಾದ ಎಂದೂ ಮುಗಿಯುವುದಿಲ್ಲ.

ಅಶ್ವಶಕ್ತಿ ಎಂಬ ಹೆಸರು

ಮೊದಲು ಎಲ್ಲರೂ ಹಿಡಿದುಕೊಳ್ಳುವ ಅಂಕಿಯನ್ನೇ ತೆಗೆದುಕೊಳ್ಳೋಣ. ಅಶ್ವಶಕ್ತಿ ಎಂಬ ಮಾನವನ್ನು ಬಳಕೆಗೆ ತಂದವನು ಜೇಮ್ಸ್ ವಾಟ್. ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ತಿಳಿಸಲು ಅವನಿಗೆ ಒಂದು ಅಳತೆ ಬೇಕಿತ್ತು. ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸವನ್ನು ಒಂದು ಕುದುರೆಯ ಸಾಮರ್ಥ್ಯವೆಂದು ಅವನು ಗೊತ್ತುಮಾಡಿದ. ಇದು ಸುಮಾರು 746 ವಾಟ್‌ಗೆ ಸಮ. ಅಂದರೆ ಈ ಮಾನ ಹುಟ್ಟಿದ್ದೇ ಮಾರಾಟದ ಅಗತ್ಯಕ್ಕಾಗಿ. ಇಂದಿಗೂ ಅದೇ ಕೆಲಸ ಮಾಡುತ್ತಿದೆ. ಜೊತೆಗೆ ಸೆಕೆಂಡಿಗೆ 75 ಕಿಲೋಗ್ರಾಂ ತೂಕವನ್ನು ಒಂದು ಮೀಟರ್ ಎತ್ತುವ ಸಾಮರ್ಥ್ಯವನ್ನು, ಅಂದರೆ 735.5 ವಾಟ್‌ಅನ್ನು, ಒಂದು ಮಾನವಾಗಿ ಎಣಿಸುವ ಮೆಟ್ರಿಕ್ ಅಶ್ವಶಕ್ತಿಯೂ ಇದೆ. ಜಾಹೀರಾತುಗಳಲ್ಲಿ 'ಬಿಎಚ್‌ಪಿ', 'ಪಿಎಸ್' ಎಂದು ಬೇರೆ ಬೇರೆ ಅಕ್ಷರಗಳು ಕಾಣುವುದು ಇದರಿಂದಲೇ. ಒಂದು ಗಾಡಿಯ 'ಪಿಎಸ್' ಅಂಕಿಯನ್ನು ಇನ್ನೊಂದರ 'ಬಿಎಚ್‌ಪಿ' ಅಂಕಿಯೊಂದಿಗೆ ಹೋಲಿಸಿ, ಒಂದೆರಡರ ವ್ಯತ್ಯಾಸಕ್ಕಾಗಿ ಜಗಳವಾಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಕನ್ನಡದಲ್ಲಿ ನಾವು ಇನ್ನೊಂದು ಗೊಂದಲವನ್ನೂ ಸೇರಿಸಿಕೊಂಡಿದ್ದೇವೆ. ಪಠ್ಯಪುಸ್ತಕದಲ್ಲಿ ಕೆಲಸ ಮಾಡುವ ದರಕ್ಕೆ 'ಸಾಮರ್ಥ್ಯ' ಎಂಬ ಪದವಿದೆ, 'ಶಕ್ತಿ' ಎಂಬುದು ಬೇರೆಯೇ ಪರಿಮಾಣ. ಆದರೆ 'ಅಶ್ವಶಕ್ತಿ' ಎಂಬ ಪದ ರೂಢಿಯಾಗಿಬಿಟ್ಟಿದೆ. ಹೋಟೆಲಿನ ವಾದದಲ್ಲಂತೂ ಬಲ, ಶಕ್ತಿ, ಸಾಮರ್ಥ್ಯ, ಟಾರ್ಕ್ ಎಲ್ಲವೂ 'ಪವರ್' ಎಂಬ ಒಂದೇ ಚೀಲದೊಳಗೆ ಸೇರುತ್ತವೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಈ ಚೀಲವನ್ನು ಬಿಚ್ಚಿ ನಾಲ್ಕನ್ನೂ ಬೇರೆ ಬೇರೆ ಇಡಬಲ್ಲ. ಅಷ್ಟು ಮಾಡಿದರೆ ಅರ್ಧ ವಾದ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಮಾತು. ಕರಪತ್ರದಲ್ಲಿರುವುದು ಎಂಜಿನ್‌ನ ಗರಿಷ್ಠ ಸಾಮರ್ಥ್ಯ. ಸಾಮರ್ಥ್ಯವೆಂದರೆ ಟಾರ್ಕ್ ಮತ್ತು ತಿರುಗುವ ವೇಗದ ಗುಣಲಬ್ಧ. 1.3 ಲೀಟರ್ ಎಂಜಿನ್ನಿನ ಜಿಪ್ಸಿ ತನ್ನ 80 ಅಶ್ವಶಕ್ತಿಯನ್ನು ಕೊಡುತ್ತಿದ್ದುದು ನಿಮಿಷಕ್ಕೆ ಸುಮಾರು 6,000 ಸುತ್ತು ತಿರುಗುವಾಗ. ತೋಟದ ದಾರಿಯಲ್ಲಿ ಎಂಜಿನ್‌ಅನ್ನು ಅಷ್ಟು ಕಿರುಚಿಸಿ ಓಡಿಸುವವರು ಯಾರು? ಸಮುದ್ರ ಮಟ್ಟದಿಂದ 950 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇಕಡ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ವಾಹನ ಪುಟಗಳ ವಿಮರ್ಶಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅಪರೂಪ.

ಏರಿಗೆ ಎಷ್ಟು ಬೇಕು?

ಈಗ ಒಂದು ಸರಳ ಲೆಕ್ಕ ಮಾಡೋಣ. ಜನ ಮತ್ತು ಸಾಮಾನು ಸೇರಿ 1,500 ಕಿಲೋಗ್ರಾಂ ಇರುವ ಒಂದು ಗಾಡಿ 10 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಹೋಗುತ್ತಿದೆ ಎನ್ನಿ. ಘಟ್ಟದ ಹೆದ್ದಾರಿಗಳಲ್ಲಿ ಏರು ಸಾಮಾನ್ಯವಾಗಿ 100 ಮೀಟರಿಗೆ 5ರಿಂದ 7 ಮೀಟರ್ ಇರುವಂತೆ ನೋಡಿಕೊಳ್ಳುತ್ತಾರೆ. ಆದ್ದರಿಂದ ನಾವು ಆರಿಸಿದ್ದು ಕಡಿದಾದ ದಾರಿಯೇ. ಗುರುತ್ವ ಹಿಂದಕ್ಕೆ ಎಳೆಯುವ ಬಲ 1,500 × 9.8 × 0.1, ಅಂದರೆ 1,470 ನ್ಯೂಟನ್. ಚಕ್ರಗಳ ಉರುಳು ಘರ್ಷಣೆಗೆ ಸುಮಾರು 300 ನ್ಯೂಟನ್ ಸೇರಿಸಿ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಬೇಕಾದ ಸಾಮರ್ಥ್ಯ 17.7 ಕಿಲೋವಾಟ್. ಸುಮಾರು 24 ಅಶ್ವಶಕ್ತಿ!

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ 796 ಘನ ಸೆಂಟಿಮೀಟರ್ ಎಂಜಿನ್ನಿಗೂ ಇದಕ್ಕಿಂತ ಹೆಚ್ಚು ಸಾಮರ್ಥ್ಯವಿತ್ತು. ಏರನ್ನು ಹತ್ತಲು ಆಗುವುದೋ ಇಲ್ಲವೋ ಎಂಬುದನ್ನು ಅಶ್ವಶಕ್ತಿ ನಿರ್ಧರಿಸುವುದಿಲ್ಲ. ಎಷ್ಟು ಬೇಗ ಹತ್ತಬಹುದು ಎಂಬುದನ್ನು ನಿರ್ಧರಿಸುತ್ತದೆ. ಇವು ಎರಡು ಬೇರೆ ಪ್ರಶ್ನೆಗಳು.

ಹಾಗೆಂದು ಹೆಚ್ಚಿನ ಸಾಮರ್ಥ್ಯ ವ್ಯರ್ಥ ಎಂದು ಹೇಳಿದರೆ ಅದೂ ಅನ್ಯಾಯ. ಶಿರಾಡಿ ಘಾಟಿಯಲ್ಲಿ ಲಾರಿಯೊಂದನ್ನು ದಾಟುವ ಸಂದರ್ಭ ನೋಡಿ. 100 ಮೀಟರಿಗೆ 6 ಮೀಟರ್ ಏರಿನಲ್ಲಿ ಇದೇ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಲು ಗಾಳಿಯ ತಡೆಯೂ ಸೇರಿ ಸುಮಾರು 28 ಅಶ್ವಶಕ್ತಿ ಸಾಕು. ಆದರೆ ಅದೇ ಹೊತ್ತಿನಲ್ಲಿ ಸೆಕೆಂಡಿಗೆ 1 ಮೀಟರ್‌ನಂತೆ ವೇಗ ಹೆಚ್ಚಿಸಲು ಒಟ್ಟು 62 ಬೇಕಾಗುತ್ತದೆ. ನಮ್ಮ ಜನ 'ಪಿಕಪ್' ಎನ್ನುವುದು ಈ ಹೆಚ್ಚುವರಿ ಸಾಮರ್ಥ್ಯವನ್ನು. ಎದುರಿನ ಸಾಲಿನಲ್ಲಿ ಕಳೆಯುವ ಸೆಕೆಂಡುಗಳನ್ನು ಅದು ಕಡಿಮೆ ಮಾಡುತ್ತದೆ. ಹೋಟೆಲಿನ ಹುಡುಗನ ಮಾತು ಹೆದ್ದಾರಿಯಲ್ಲಿ ಸರಿ. ಅವನು ಅದನ್ನು ತೋಟದ ಕೆಸರಿಗೂ ಅನ್ವಯಿಸಿದ್ದು ತಪ್ಪು.

ಕೆಸರಿನಲ್ಲಿ ತೀರ್ಪು ಕೊಡುವವರು ಯಾರು?

ಮಲೆನಾಡಿಗೂ ಜೀಪಿಗೂ ಹಳೆಯ ನಂಟು. ಎರಡನೆಯ ಮಹಾಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪನ್ನು ಮುಂಬೈಯಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ಜೋಡಿಸಲು ತೊಡಗಿತು. ಅದರ ವಂಶದ ಗಾಡಿಗಳು ಕಾಫಿ ಸೀಮೆಯಲ್ಲಿ ಇಂದಿಗೂ ಓಡುತ್ತಿವೆ. ಯುದ್ಧಕಾಲದ ಆ ಜೀಪಿನ 2.2 ಲೀಟರ್ ಎಂಜಿನ್ನಿನ ಸಾಮರ್ಥ್ಯ 60 ಅಶ್ವಶಕ್ತಿ. ಟಾರ್ಕ್ ಸುಮಾರು 142 ನ್ಯೂಟನ್-ಮೀಟರ್. 2020ರಲ್ಲಿ ಬಂದ ಎರಡನೆಯ ತಲೆಮಾರಿನ ಥಾರ್‌ನ ಡೀಸೆಲ್ ಎಂಜಿನ್ನಿಗೆ 130 ಅಶ್ವಶಕ್ತಿ, 300 ನ್ಯೂಟನ್-ಮೀಟರ್. ಕಾಗದದ ಮೇಲೆ ಪಂದ್ಯ ಮುಗಿದಂತೆಯೇ.

ಆದರೆ ಚಕ್ರಕ್ಕೆ ತಲುಪುವುದು ಎಂಜಿನ್ನಿನ ಟಾರ್ಕ್ ಅಲ್ಲ. ಗೇರುಗಳು ಹಿಗ್ಗಿಸಿದ ಟಾರ್ಕ್. ಆ ಜೀಪಿನ ಮೊದಲ ಗೇರಿನ ಅನುಪಾತ 2.665, 'ಲೋ' ಹಾಕಿದಾಗಿನ ಅನುಪಾತ 1.97, ಆಕ್ಸಲ್‌ನದು 4.88. ಮೂರನ್ನೂ ಗುಣಿಸಿದರೆ 25.6. ಎಂಜಿನ್ನಿನ 142 ನ್ಯೂಟನ್-ಮೀಟರ್ ಚಕ್ರಗಳಲ್ಲಿ 3,600ಕ್ಕೂ ಮೀರುತ್ತದೆ. ಚಕ್ರದ ತ್ರಿಜ್ಯ 0.35 ಮೀಟರ್ ಎಂದಿಟ್ಟುಕೊಂಡು, ಗೇರುಗಳ ಘರ್ಷಣೆಯಲ್ಲಿ ಐದನೆಯ ಒಂದು ಭಾಗ ನಷ್ಟವೆಂದು ಬಿಟ್ಟರೂ, ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 8,300 ನ್ಯೂಟನ್. ಆಗ ಗಾಡಿಯ ವೇಗ ಗಂಟೆಗೆ 10 ಕಿಲೋಮೀಟರ್‌ನ ಆಸುಪಾಸು.

ಈ ಬಲವನ್ನು ನೆಲ ತಾಳಿಕೊಳ್ಳಬೇಕಲ್ಲ? ಹೊರೆ ಸೇರಿ 1,400 ಕಿಲೋಗ್ರಾಂ ಇರುವ ಜೀಪಿನ ತೂಕ ಸುಮಾರು 13,700 ನ್ಯೂಟನ್. ಒದ್ದೆ ಮಣ್ಣಿನ ಮೇಲೆ ಘರ್ಷಣಾಂಕ 0.3 ಎನ್ನಿ. ನಾಲ್ಕೂ ಚಕ್ರಗಳು ಸೇರಿ ನೆಲದಿಂದ ಪಡೆಯಬಹುದಾದ ಗರಿಷ್ಠ ಬಲ 4,100 ನ್ಯೂಟನ್ ಮಾತ್ರ. ಎಂಟು ದಶಕಗಳ ಹಿಂದಿನ 60 ಅಶ್ವಶಕ್ತಿಯ ಎಂಜಿನ್ನೇ ಕೆಸರು ತಾಳುವುದರ ಎರಡರಷ್ಟು ಬಲವನ್ನು ಕೊಡುತ್ತಿತ್ತು! ಅದರ ಜಾಗದಲ್ಲಿ 130 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ಚಕ್ರ ಇನ್ನೂ ಜೋರಾಗಿ ಸುತ್ತಿ, ಕೆಸರನ್ನು ಇನ್ನೂ ದೂರಕ್ಕೆ ಎರಚುತ್ತದೆ. ಗಾಡಿ ಅಲ್ಲೇ ಇರುತ್ತದೆ.

ಹಾಗಾದರೆ ವ್ಯತ್ಯಾಸ ಮಾಡುವುದು ಯಾವುದು? ಎಷ್ಟು ಚಕ್ರಗಳು ಎಳೆಯುತ್ತವೆ ಎಂಬುದು. ಕೆಸರಿನ ಉರುಳು ಘರ್ಷಣೆಗೆ ತೂಕದ ಇಪ್ಪತ್ತನೆಯ ಒಂದು ಭಾಗ ಹೋದರೆ, ನಾಲ್ಕು ಚಕ್ರ ಎಳೆಯುವ ಗಾಡಿ 4 ಮೀಟರಿಗೆ 1 ಮೀಟರ್ ಏರುವ ದಾರಿಯನ್ನು ಹತ್ತಬಲ್ಲದು. ಹಿಂದಿನ ಎರಡೇ ಚಕ್ರ ಎಳೆದರೆ ತೂಕದ ಅರ್ಧವಷ್ಟೇ ಉಪಯೋಗಕ್ಕೆ ಬಂದು, 10 ಮೀಟರಿಗೆ 1 ಮೀಟರ್ ಏರಿನಲ್ಲೇ ಜಾರತೊಡಗುತ್ತದೆ. (ಏರಿನಲ್ಲಿ ಹಿಂಚಕ್ರಗಳ ಮೇಲೆ ತೂಕ ತುಸು ಹೆಚ್ಚುವುದರಿಂದ ನಿಜವಾದ ಉತ್ತರ ಇದಕ್ಕಿಂತ ಸ್ವಲ್ಪ ಮೇಲು.) ಮಳೆಗಾಲದಲ್ಲಿ ಟೈರಿಗೆ ಚೈನು ಕಟ್ಟುವ ಮಲೆನಾಡಿನ ಚಾಲಕ ಮಾಡುವುದೂ ಇದನ್ನೇ. ಅವನು ಎಂಜಿನ್ನನ್ನು ಮುಟ್ಟುವುದಿಲ್ಲ, ನೆಲದ ಹಿಡಿತವನ್ನು ಹೆಚ್ಚಿಸುತ್ತಾನೆ. ಅವನ ಕೈಗೆ ಗೊತ್ತಿರುವುದು ಅವನ ವಾದಕ್ಕೆ ಗೊತ್ತಿಲ್ಲ, ಅಷ್ಟೇ.

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಪಕ್ಕದ ರೈಲುಮಾರ್ಗ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳಿವೆ; ಏರು 50 ಮೀಟರಿಗೆ 1 ಮೀಟರ್. ರಸ್ತೆಯವರಿಗೆ ಇದು ಏರೇ ಅಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಆದ್ದರಿಂದಲೇ ಸಾವಿರಾರು ಅಶ್ವಶಕ್ತಿಯ ರೈಲು ಎಂಜಿನ್ನಿಗೂ ಹಿಂದಿನಿಂದ ತಳ್ಳುವ ಸಹಾಯಕ ಎಂಜಿನ್ ಬೇಕಾಗುತ್ತದೆ.

ಅಂಗೈಯಗಲದ ಜಾಗ

ಹಿಡಿತ ಎಂದ ಕೂಡಲೇ ಟೈರಿನ ಅಗಲದ ವಾದ ಬರುತ್ತದೆ. 'ಅಗಲವಾದಷ್ಟೂ ಗ್ರಿಪ್ ಜಾಸ್ತಿ' ಎಂದು ವಾಹನಪ್ರಿಯರು. 'ಘರ್ಷಣೆ ಸಂಪರ್ಕ ಕ್ಷೇತ್ರವನ್ನು ಅವಲಂಬಿಸುವುದಿಲ್ಲ' ಎಂದು ನಮ್ಮ ಪಠ್ಯಪುಸ್ತಕ. ಶಿಕ್ಷಕರೇ, ಇಲ್ಲಿ ನಮ್ಮ ಕಡೆಯವರನ್ನೂ ಸ್ವಲ್ಪ ವಿಮರ್ಶಿಸಬೇಕಾಗುತ್ತದೆ. ಪುಸ್ತಕದ ನಿಯಮ ಮರದ ತುಂಡು, ಲೋಹದ ಫಲಕಗಳಂಥ ಗಟ್ಟಿ ಮೇಲ್ಮೈಗಳಿಗೆ ಹೊಂದುತ್ತದೆ. ರಬ್ಬರು ಹಾಗಲ್ಲ. ಅದು ರಸ್ತೆಯ ಒರಟು ಕಣಗಳ ನಡುವೆ ಇಳಿದು, ಅವುಗಳ ಆಕಾರ ತಾಳಿ, ಅಂಟಿಕೊಂಡು ಬಿಡುತ್ತದೆ. ತೂಕ ಹೆಚ್ಚಿದಂತೆ ಅದರ ಘರ್ಷಣಾಂಕ ತುಸು ಕಡಿಮೆಯಾಗುತ್ತ ಹೋಗುತ್ತದೆ. ಹಾಗಾಗಿ ಒಣ ಡಾಂಬರಿನ ಮೇಲೆ ಅಗಲದ ಟೈರಿಗೆ ಕೊಂಚ ಅನುಕೂಲವಿರುವುದು ನಿಜ.

ಕೆಸರಿನಲ್ಲಿ ಕಥೆ ಬೇರೆ. ಮೇಲೆ ತೆಳುವಾಗಿ ಜಾರು ಮಣ್ಣು, ಕೆಳಗೆ ಗಟ್ಟಿ ನೆಲ ಇರುವಲ್ಲಿ ಕಿರಿದಾದ ಟೈರು ಜಾರು ಪದರವನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ ಟೈರು ಮೇಲೇ ತೇಲುತ್ತದೆ. ಆಳವಾದ ಮರಳಿನಲ್ಲಾದರೆ ತೇಲುವುದೇ ಬೇಕು. ಹಳೆಯ ಜೀಪಿನ ಕಿರಿದಾದ ಟೈರನ್ನು ಕಂಡು ನಗುವವರು, ಅದು ಯಾವ ನೆಲಕ್ಕೆ ಎಂದು ಕೇಳಿಕೊಳ್ಳಬೇಕು.

ಟೈರು ನೆಲಕ್ಕೆ ತಾಗುವ ಜಾಗವನ್ನು ಅಂದಾಜು ಮಾಡುವುದು ಸುಲಭ. ಒಂದು ಚಕ್ರದ ಮೇಲೆ 350 ಕಿಲೋಗ್ರಾಂ ಭಾರ, ಟೈರಿನೊಳಗೆ 200 ಕಿಲೋಪಾಸ್ಕಲ್ (ಸುಮಾರು 29 ಪೌಂಡ್) ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಸುಮಾರು 170 ಚದರ ಸೆಂಟಿಮೀಟರ್, ಅಂದರೆ ಬೆರಳುಗಳೂ ಸೇರಿ ಒಂದು ಅಂಗೈಯಗಲ! ಗಾಡಿಯನ್ನು ಎಳೆಯುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲವೂ ಈ ನಾಲ್ಕು ಅಂಗೈಗಳ ಕೆಲಸ. ಎಂಜಿನ್ನಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸವೆದ ಟೈರಿನ ಬಗ್ಗೆ ಒಂದು ನಿಮಿಷವೂ ಮಾತಾಡದಿರುವುದು ವಿಚಿತ್ರ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಸ್ಪರ್ಧೆಯ ಸುತ್ತುಗಳು ನಡೆದಿವೆ. ಅಲ್ಲಿ ಮಳೆ ಬಂತೆಂದರೆ ಸ್ಪರ್ಧಿಗಳ ಮೊದಲ ಚಿಂತೆ ಯಾವ ಟೈರು ಹಾಕುವುದೆಂಬುದು.

ತಿರುವಿನ ಪರೀಕ್ಷೆ

ಇನ್ನು 'ಹ್ಯಾಂಡ್ಲಿಂಗ್'. ಈ ಪದಕ್ಕೆ ವಾಹನ ಪುಟಗಳಲ್ಲಿ ವಿಶೇಷಣಗಳು ಧಾರಾಳ, ವಿವರಣೆ ಮಾತ್ರ ಕಡಿಮೆ. ಬಿಸಿಲೆ ಘಾಟಿಯ ತಿರುವೊಂದರ ತ್ರಿಜ್ಯ 20 ಮೀಟರ್ ಎಂದುಕೊಳ್ಳಿ. ತಿರುಗಲು ಬೇಕಾದ ಕೇಂದ್ರಾಭಿಮುಖ ಬಲವನ್ನು ಟೈರುಗಳ ಘರ್ಷಣೆಯೇ ಒದಗಿಸಬೇಕು. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಇದ್ದರೆ ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರ್. ಮಳೆ ಬಿದ್ದು, ಎಲೆ ಕೊಳೆತು, ಘರ್ಷಣಾಂಕ ಅರ್ಧಕ್ಕೆ ಇಳಿದರೆ 30 ಕಿಲೋಮೀಟರ್. ಈ ಲೆಕ್ಕ ಮಾಡುವಾಗ ಸಮೀಕರಣದ ಎರಡೂ ಕಡೆ ಇರುವ ದ್ರವ್ಯರಾಶಿ ಹೊಡೆದುಹೋಗುವುದನ್ನು ಗಮನಿಸಿ. 'ಭಾರ ಇದ್ರೇನೇ ರೋಡು ಕಚ್ಚೋದು' ಎಂಬ ವಾದ ಅಲ್ಲಿಗೆ ಬಿತ್ತು. ಭಾರದ ಗಾಡಿಗೆ ಹಿಡಿತ ಹೆಚ್ಚು, ಆದರೆ ತಿರುಗಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚು. ರಬ್ಬರಿನ ಮೇಲೆ ಹೇಳಿದ ಗುಣದಿಂದಾಗಿ ಭಾರ ಹೆಚ್ಚಿದಷ್ಟೂ ತುಸು ನಷ್ಟವೇ.

ಹಾಗಾದರೆ ಒಂದು ಗಾಡಿ 'ಸ್ಟೆಡಿ', ಇನ್ನೊಂದು ಅಲ್ಲ ಎಂಬ ಅನುಭವ ಸುಳ್ಳೇ? ಸುಳ್ಳಲ್ಲ. ಮಿತಿ ಮೀರಿದಾಗ ಮುಂದಿನ ಟೈರುಗಳು ಮೊದಲು ಜಾರಿದರೆ ಗಾಡಿ ತಿರುವು ತೆಗೆದುಕೊಳ್ಳದೆ ಹೊರಕ್ಕೆ ಹೋಗುತ್ತದೆ. ಹಿಂದಿನವು ಮೊದಲು ಜಾರಿದರೆ ಬಾಲ ಸುತ್ತಿಕೊಳ್ಳುತ್ತದೆ. ಯಾವುದು ಮೊದಲು ಎಂಬುದು ತೂಕದ ಹಂಚಿಕೆ, ಸ್ಪ್ರಿಂಗು, ಟೈರಿನ ಒತ್ತಡ, ಹೊರೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಚಾಲಕನೊಬ್ಬನೇ ಕುಳಿತು ಪರೀಕ್ಷಿಸಿದ ವಿಮರ್ಶಕನ ಅಭಿಪ್ರಾಯ, ಹಿಂದೆ ಎಂಟು ಮೂಟೆ ಕಾಫಿ ಹೇರಿದ ಅದೇ ಗಾಡಿಗೆ ಅನ್ವಯಿಸಬೇಕೆಂದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಗುರುತ್ವ ಕೇಂದ್ರದ ಎತ್ತರ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಘರ್ಷಣಾಂಕಕ್ಕಿಂತ ದೊಡ್ಡದಾಗಿದ್ದರೆ ಗಾಡಿ ಮೊದಲು ಜಾರುತ್ತದೆ. ಚಿಕ್ಕದಾಗಿದ್ದರೆ ಜಾರುವ ಮೊದಲೇ ಮಗುಚುತ್ತದೆ. ಈ ಸೀಮೆಯಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ನೀವು ನೋಡುವ ದೃಶ್ಯಕ್ಕೆ ಇದನ್ನು ಅನ್ವಯಿಸೋಣ. 1,700 ಕಿಲೋಗ್ರಾಂನ ಒಂದು ಪಿಕಪ್ ಗಾಡಿ. ಚಕ್ರಗಳ ಅಂತರ 1.3 ಮೀಟರ್, ಖಾಲಿ ಇದ್ದಾಗ ಗುರುತ್ವ ಕೇಂದ್ರದ ಎತ್ತರ 0.65 ಮೀಟರ್. ಭಾಗಲಬ್ಧ 1. ಒಣ ರಸ್ತೆಯ ಘರ್ಷಣಾಂಕ 0.8 ಇದ್ದರೂ ಅದು ಮಗುಚದು, ಜಾರೀತು.

ಈಗ ನೆಲದಿಂದ 0.8 ಮೀಟರ್ ಎತ್ತರವಿರುವ ಅದರ ತೊಟ್ಟಿಯಲ್ಲಿ ತಲಾ 60 ಕಿಲೋಗ್ರಾಂನ 12 ಮಂದಿ ಕೆಲಸದವರು ನಿಂತಿದ್ದಾರೆ ಎನ್ನಿ. ಒಟ್ಟು ಗುರುತ್ವ ಕೇಂದ್ರ 0.96 ಮೀಟರಿಗೆ ಏರುತ್ತದೆ, ಭಾಗಲಬ್ಧ 0.68ಕ್ಕೆ ಇಳಿಯುತ್ತದೆ. ಅದೇ 20 ಮೀಟರ್ ತಿರುವಿನಲ್ಲಿ ಗಂಟೆಗೆ 41 ಕಿಲೋಮೀಟರ್ ದಾಟಿದರೆ ಒಳಗಿನ ಚಕ್ರಗಳು ಮೇಲೇಳುತ್ತವೆ. ಸ್ಪ್ರಿಂಗು, ಟೈರುಗಳು ಬಾಗುವುದರಿಂದ ನಿಜಜೀವನದಲ್ಲಿ ಈ ವೇಗ ಇನ್ನೂ ಕಡಿಮೆ. ಅದೇ 12 ಮಂದಿ ನೆಲಕ್ಕೆ ಕುಳಿತಿದ್ದರೆ ಎತ್ತರ 0.78, ಭಾಗಲಬ್ಧ 0.83. ಎಂಜಿನ್ ಅದೇ, ಟೈರು ಅದೇ, ಚಾಲಕ ಅವನೇ. ನಿಂತ ಮತ್ತು ಕುಳಿತ ಜನರ ನಡುವೆ ಮಗುಚುವ ಗಾಡಿ ಮತ್ತು ಜಾರುವ ಗಾಡಿಯ ಅಂತರ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಕಾನೂನು ಹೀಗೆ ಹೇಳುವುದರ ಹಿಂದಿನ ಕಾರಣಗಳಲ್ಲಿ ಇದೂ ಒಂದೆಂದು ತಿಳಿದವನು ಅದನ್ನು ದಂಡದ ಭಯವಿಲ್ಲದೆಯೂ ಪಾಲಿಸುತ್ತಾನೆ.

ಇಳಿಯುವವರ ಲೆಕ್ಕ

ವಾಹನ ವಿಮರ್ಶೆಗಳಲ್ಲಿ 'ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು' ಎಂಬ ಅಂಕಿ ತಪ್ಪದೆ ಇರುತ್ತದೆ. ನೂರರಿಂದ ಸೊನ್ನೆಗೆ ಬರಲು ಎಷ್ಟು ದೂರ ಎಂಬುದು ಎಷ್ಟೋ ಬಾರಿ ಇರುವುದಿಲ್ಲ. ಘಟ್ಟದ ಮೇಲೆ ವಾಸಿಸುವವರಿಗೆ ಎರಡನೆಯದೇ ಮುಖ್ಯ.

ನಮ್ಮ 1,500 ಕಿಲೋಗ್ರಾಂ ಗಾಡಿ ಘಟ್ಟದಲ್ಲಿ 800 ಮೀಟರ್ ಎತ್ತರ ಇಳಿಯಿತೆನ್ನಿ. ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 11.8 ಮೆಗಾಜೂಲ್. ಕೋಣೆಯ ಉಷ್ಣತೆಯಲ್ಲಿರುವ 37 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. 16 ಟನ್ನಿನ ಲಾರಿಗಾದರೆ 400 ಲೀಟರ್. ಈ ಶಾಖ ಎಲ್ಲಿಗಾದರೂ ಹೋಗಬೇಕು. ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಗಾಳಿಯ ತಡೆ, ಉರುಳು ಘರ್ಷಣೆ ಬಿಟ್ಟು ಉಳಿದದ್ದೆಲ್ಲ ಬ್ರೇಕಿಗೆ. ಬ್ರೇಕ್ ಕಾದಷ್ಟೂ ಅದರ ಘರ್ಷಣೆ ಕುಂದುತ್ತದೆ. ಹಳೆಯ ಬ್ರೇಕ್ ದ್ರವದಲ್ಲಿ ಸೇರಿದ ನೀರು ಆವಿಯಾಗಿ, ಪೆಡಲ್ ತುಳಿದರೂ ಒತ್ತಡ ಚಕ್ರಕ್ಕೆ ತಲುಪದೆ ಹೋಗುತ್ತದೆ.

'ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತೆ' ಎಂಬುದು ಹೋಟೆಲಿನ ಐದನೆಯ ವಾದ. ಎಲೆಕ್ಟ್ರಾನಿಕ್ ಇಂಧನ ನಿಯಂತ್ರಣವಿರುವ ಗಾಡಿಯಲ್ಲಿ ಇದು ತಲೆಕೆಳಗಾದ ಮಾತು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆ ನಿಲ್ಲುತ್ತದೆ, ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಇಂಧನ ಹೋಗುತ್ತಲೇ ಇರಬೇಕು. ಉಳಿಯುವುದೇನೂ ಇಲ್ಲ, ಹೋಗುವುದು ಬ್ರೇಕು. ಎಂಜಿನ್ನನ್ನೇ ಆರಿಸಿ ಇಳಿಯುವವರು ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ನೆರವನ್ನು ಕೂಡ ಕಳೆದುಕೊಳ್ಳುತ್ತಾರೆ. ಶಕ್ತಿ ಉಳಿಸುವ ಆಸೆ ನಿಜವಾಗಿ ಈಡೇರುವುದು ವಿದ್ಯುತ್ ವಾಹನದಲ್ಲಿ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲೇ ಇಳಿಯುವಾಗ, ನಿಲ್ಲುವಾಗ ಮೋಟಾರು ಡೈನಮೋ ಆಗಿ ಬ್ಯಾಟರಿ ತುಂಬುವ ವ್ಯವಸ್ಥೆ ಇತ್ತು. 11.8 ಮೆಗಾಜೂಲ್ ಎಂದರೆ 3 ಯೂನಿಟ್‌ಗೂ ತುಸು ಹೆಚ್ಚು ವಿದ್ಯುತ್. ಅದರಲ್ಲಿ ಒಂದು ಪಾಲು ಮರಳಿ ಸಿಕ್ಕರೂ ಲಾಭವೇ.

ರಾತ್ರಿಯ ಮಾತು ಒಂದು ಉಳಿಯಿತು. ಆಲೂರು, ಸಕಲೇಶಪುರ ಸೀಮೆಯಲ್ಲಿ ರಸ್ತೆ ದಾಟುವ ಆನೆ ಎದುರಾಗುವುದು ಹೊಸದಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಕಂಡದ್ದು ಮನಸ್ಸಿಗೆ ತಟ್ಟಿ ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ 0.4 ಇದ್ದರೆ ನಿಲ್ಲಲು ಇನ್ನೂ 35 ಮೀಟರ್. ಒಟ್ಟು 60. ತಗ್ಗಿಸಿದ ದೀಪದಲ್ಲಿ, ಮಳೆಯಲ್ಲಿ, ಕಪ್ಪು ಮೈಯ ಪ್ರಾಣಿ ಅಷ್ಟು ದೂರಕ್ಕೆ ಕಾಣುವುದೇ? 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಎಬಿಎಸ್ ಬ್ರೇಕ್ ಇದ್ದರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಅದು ಚಕ್ರ ಬಿಗಿದು ಜಾರದಂತೆ ನೋಡಿಕೊಂಡು ಗಾಡಿಯನ್ನು ತಿರುಗಿಸಲು ಅವಕಾಶ ಕೊಡುತ್ತದೆ. ಇಲ್ಲದ ಘರ್ಷಣೆಯನ್ನು ಹುಟ್ಟಿಸುವುದಿಲ್ಲ. ಸಡಿಲ ಜಲ್ಲಿಯ ಮೇಲೆ ನಿಲ್ಲುವ ದೂರ ಹೆಚ್ಚಲೂಬಹುದು.

ಹಾಗಾದರೆ ಯಾವ ಗಾಡಿ ಮೇಲು?

ಇಷ್ಟು ಓದಿದ ಮೇಲೂ ನೀವು ಈ ಪ್ರಶ್ನೆ ಕೇಳಬಹುದು. ಹೋಟೆಲಿನ ಗುಂಪಿನಲ್ಲಿ ಯಾರೂ ಪೂರ್ತಿ ತಪ್ಪಲ್ಲ ಎಂಬುದನ್ನು ನೋಡಿದ್ದೀರಿ. ಹೆದ್ದಾರಿಯ ಏರಿನಲ್ಲಿ ಹುಡುಗ ಸರಿ, ಕೆಸರಿನ ದಾರಿಯಲ್ಲಿ ಹಳೇ ಜೀಪಿನವರು ಸರಿ, ಮೆತ್ತನೆಯ ನೆಲದಲ್ಲಿ ಜಿಪ್ಸಿಯವರು ಸರಿ. ಭಾರದ ಪಕ್ಷದವರಿಗೆ ಮಾತ್ರ ಭೌತವಿಜ್ಞಾನ ಸಹಾಯಕ್ಕೆ ಬರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ದಾರಿಯ ಅನುಭವವನ್ನು ಎಲ್ಲ ದಾರಿಗಳ ಸತ್ಯವೆಂದು ಹೇಳಿದ್ದೇ ದೋಷ. ಪ್ರಯೋಗದ ಷರತ್ತುಗಳನ್ನು ಹೇಳದೆ ಫಲಿತಾಂಶವನ್ನು ಮಾತ್ರ ಹೇಳುವ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ವಾಹನ ವಿಮರ್ಶಕರಿಗೂ ಅದೇ ನಿಯಮ ಇರಲಿ: ಯಾವ ರಸ್ತೆ, ಯಾವ ಟೈರು, ಎಷ್ಟು ಹೊರೆ, ಹೊರೆ ಎಷ್ಟು ಎತ್ತರದಲ್ಲಿ ಎಂದು ಹೇಳದ ತೀರ್ಪನ್ನು ನಂಬಬೇಡಿ.

ಶಿಕ್ಷಕರಿಗೆ ಒಂದು ಸಲಹೆ. ನಮ್ಮ ಪುಸ್ತಕದ ಇಳಿಜಾರುಗಳು ಬಹುಮಟ್ಟಿಗೆ 'ಘರ್ಷಣೆರಹಿತ'. ಶಾಲೆಯ ಮುಂದಿನ ಇಳಿಜಾರು ಹಾಗಿಲ್ಲ. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಮಕ್ಕಳಿಂದ ಅದರ ಓರೆ ಅಳೆಸಿ. ಹಳೇ ಟೈರಿನ ತುಂಡೊಂದನ್ನು ಸ್ಪ್ರಿಂಗ್ ತಕ್ಕಡಿಯಿಂದ ಒಣ ಸಿಮೆಂಟು, ಒದ್ದೆ ಸಿಮೆಂಟು, ಕೆಸರುಗಳ ಮೇಲೆ ಎಳೆಸಿ. ಎಳೆದ ಬಲವನ್ನು ತುಂಡಿನ ತೂಕದಿಂದ ಭಾಗಿಸಿದರೆ ಘರ್ಷಣಾಂಕ ಸಿಗುತ್ತದೆ. ಆಟಿಕೆ ಲಾರಿಯನ್ನು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಚಕ್ರ ಜಾರದಂತೆ ಒಂದು ಪಟ್ಟಿ ಕೊಟ್ಟು, ಯಾವ ಓರೆಯಲ್ಲಿ ಮಗುಚುತ್ತದೆಂದು ಖಾಲಿ ಇದ್ದಾಗಲೂ, ನಿಲ್ಲಿಸಿದ ಸೀಮೆಸುಣ್ಣಗಳನ್ನು ತುಂಬಿದಾಗಲೂ, ಮಲಗಿಸಿದ ಸೀಮೆಸುಣ್ಣಗಳನ್ನು ತುಂಬಿದಾಗಲೂ ನೋಡಲಿ. ಮೂರು ಪ್ರಯೋಗಕ್ಕೂ ಖರ್ಚು ಹತ್ತಿರ ಹತ್ತಿರ ಸೊನ್ನೆ.

ಅದಾದ ಮೇಲೆ ಆ ಮಕ್ಕಳಲ್ಲೊಬ್ಬರು ಅದೇ ಹೋಟೆಲಿನಲ್ಲಿ, ಅದೇ ವಾದದ ನಡುವೆ "ಅಣ್ಣಾ, ಎಚ್‌ಪಿ ಇರಲಿ, ಟೈರು ಹೇಗಿದೆ? ಹಿಂದೆ ಎಷ್ಟು ಜನ ನಿಲ್ತಾರೆ?" ಎಂದು ಕೇಳಿದರೆ, ಪಾಠ ಮಾಡಿದ್ದು ಸಾರ್ಥಕವಾಯಿತು ಎಂದು ತಿಳಿಯಿರಿ.